ಅಪ್‌ಡೇಟ್: ಅಪ್ಪನ ಕಪಾಟು ತೆರೆಯಲು ಕುಳಿತ ಮೇಲೆ

ಉಡುಪಿಯ ನಮ್ಮ ಮನೆಯಲ್ಲಿ ತೀರಿಹೋದ ತಂದೆಯವರ ಕಾಗದಪತ್ರಗಳು ಕಪಾಟಿನ ತುಂಬ ಇದ್ದು, ವಿಂಗಡಿಸಲು ಕುಳಿತಾಗಲೆಲ್ಲ ಎದೆ ಭಾರವಾಗಿ ಎದ್ದುಬಿಡುತ್ತೇನೆ, ಈ ಸೋಮಾರಿತನಕ್ಕೆ ಮದ್ದೇನು ಎಂದು ಮೇ ತಿಂಗಳಲ್ಲಿ ಕೇಳಿದ್ದೆ. ಅದು ಸೋಮಾರಿತನವಲ್ಲ, ತಪ್ಪು ನಿರ್ಧಾರದ ಭಯ ಎಂದ ಹಿರಿಯರೊಬ್ಬರು, ದಿನವೂ ತಪ್ಪದೆ ಮಾಡುವ ಕೆಲಸವೊಂದರ ಬೆನ್ನಿಗೇ ಹತ್ತು ನಿಮಿಷ ಮೀಸಲಿಡಲು ಹೇಳಿದ್ದರು. ಅವರಿಗೆ ನಾನು ಋಣಿ.

ಈಗ ಮುಸ್ಸಂಜೆ ದೇವರ ದೀಪ ಹಚ್ಚಿದ ಕೂಡಲೇ ಚಾವಡಿಯಲ್ಲಿ ಕುಳಿತು ಒಂದೇ ಒಂದು ಕಟ್ಟನ್ನು ಬಿಚ್ಚುತ್ತೇನೆ. ಪಹಣಿ, ತೆರಿಗೆ ರಸೀದಿಗಳು ಫೈಲಿಗೆ ಹೋಗುತ್ತವೆ. ನಿರ್ಧರಿಸಲಾಗದವು ‘ಆಮೇಲೆ’ ಎಂದು ಬರೆದ ರಟ್ಟಿನ ಪೆಟ್ಟಿಗೆಗೆ. ಅರ್ಧ ಭಯವನ್ನು ಕಳೆದದ್ದು ಆ ಪೆಟ್ಟಿಗೆಯೇ.

ಆಟಿಯ ಮಳೆಗೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದ ಕರೆಂಟ್ ಬಿಲ್ಲುಗಳ ನಡುವೆ ಒಂದು ದಿನ ತಂದೆಯವರು ಪೆನ್ಸಿಲಿನಲ್ಲಿ ಬರೆದ ದಿನಸಿ ಚೀಟಿ ಸಿಕ್ಕಿತು: ಕುಚ್ಚಲಕ್ಕಿ 10 ಕಿಲೋ, ತೆಂಗಿನೆಣ್ಣೆ, ಅಮ್ಮನ ಮಾತ್ರೆ. ಮತ್ತೆ ನಾಲ್ಕು ದಿನ ಕಪಾಟನ್ನು ಮುಟ್ಟಲಾಗಲಿಲ್ಲ.

ಎಲ್ಲ ಕೆಟ್ಟಿತು ಎಂದುಕೊಂಡಾಗ ಧೈರ್ಯ ಕೊಟ್ಟದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ಬೇಕಾಗಬಹುದು, ಅದರ ಮಧ್ಯಾಂಕ (ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) 66 ದಿನ, ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂದು ಅದರಲ್ಲಿತ್ತು. ನನ್ನದು ನಾಲ್ಕು ದಿನವಾದರೂ ಐದನೆಯ ಸಂಜೆ ಮತ್ತೆ ಕುಳಿತೆ.

ಇಂದಿಗೆ 71 ದಿನ. ಕಪಾಟಿನ ಎರಡು ಅರೆಗಳು ಖಾಲಿಯಾಗಿವೆ. ಮೂರನೆಯದರಲ್ಲಿ ಪತ್ರಗಳಿವೆ. ಅವನ್ನು ಅಮ್ಮನ ಜೊತೆ ಕುಳಿತೇ ತೆರೆಯುತ್ತೇನೆ.