ಮಗನ ಹಲ್ಲಿನ ನರದ ಮೇಲೇ ಸಿಮೆಂಟ್ ಇಡ್ತೀವಿ ಅಂತವ್ರೆ, ಒಳಗಿನ ಜೀವಕ್ಕೆ ಏನೂ ಆಗಲ್ವಾ?

ಮಂಡ್ಯದ_ತಾಯಿ
ಎಲ್ರಿಗೂ ನಮಸ್ಕಾರ. ನನ್ ಮಗನಿಗೆ 8 ವರ್ಷ, ಕೆಳಗಿನ ದವಡೆ ಹಲ್ಲು ಹುಳುಕಾಗಿ ಒಳಗಿನವರ್ಗೂ ಹೋಗ್ಬುಟ್ಟೈತೆ. ಹಾಲಲ್ಲು, ಬಿದ್ದೋಗುತ್ತೆ ಅಂತ ಸುಮ್ನಿದ್ವಿ, ಈಗ ನೋಡುದ್ರೆ ಅದು ಆರನೇ ವರ್ಷಕ್ಕೆ ಬರೋ ಕಾಯಂ ಹಲ್ಲಂತೆ. ಮನೆ ಆಲೆಮನೆ ಪಕ್ಕದಲ್ಲೇ, ಬಿಸಿ ಬೆಲ್ಲ ಕಂಡ್ರೆ ಬಿಡಲ್ಲ ಅವ್ನು. ಮೈಸೂರಲ್ಲಿ ತೋರ್ಸುದ್ವಿ, ರೂಟ್ ಕೆನಾಲ್ ಬೇಡ, ಕೊರೆಯೋವಾಗ ನರ ಕಂಡ್ರೆ ಮೇಲೆ ಎಂಟಿಎ ಇಲ್ಲಾ ಬಯೋಡೆಂಟಿನ್ ಇಡ್ತೀವಿ, ಅದೂ ಒಂಥರಾ ಸಿಮೆಂಟೇ ಅಂದ್ರು. ನಮ್ಮನೆಯವ್ರು ಗಾರೆ ಕೆಲ್ಸದವ್ರು, ಸಿಮೆಂಟು ಕೈನೇ ಸುಡುತ್ತೆ, ಮಗೀನ ನರಕ್ಕೆ ಹೆಂಗೆ ಇಡ್ತಾರೆ ಅಂತ ಒಪ್ತಾ ಇಲ್ಲ. ಗೊತ್ತಿರೋರು ಹೇಳಿ.

ಹಲ್ಲು_ಡಾಕ್ಟ್ರು_ಮೈಸೂರು
ಅಕ್ಕ, ನಿಮ್ಮನೆಯವ್ರು ಕೇಳಿದ್ದು ಸರಿಯಾದ ಪ್ರಶ್ನೆ. ಎಂಟಿಎ ಬಂದಿದ್ದೇ ಮನೆ ಕಟ್ಟೋ ಪೋರ್ಟ್‌ಲ್ಯಾಂಡ್ ಸಿಮೆಂಟ್ ಜಾತಿಯಿಂದ, 1993ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಟೊರಾಬಿನೆಜಾದ್ ಅವ್ರ ತಂಡ ಇದನ್ನ ಮುಂದಿಟ್ಟಿದ್ದು, ಆದ್ರೆ ನಾವು ಬಳಸೋದು ಶುದ್ಧ ಮಾಡಿದ್ದು, ಗಾರೆ ಸಿಮೆಂಟಲ್ಲ. ನೀರು ಬೆರೆಸಿದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತೆ, ಪಿಎಚ್ ಅಂದ್ರೆ ಕ್ಷಾರದ ಅಳತೆ 12ರ ಮೇಲೆ ಹೋಗುತ್ತೆ, ಕೈ ಸುಡೋ ಗುಣಾನೂ ಅದೇ. ಮುಟ್ಟಿದ ಕಡೆ ತಿರುಳಿನ (ನೀವು ನರ ಅಂತಿರೋ ಹಲ್ಲಿನ ಒಳಗಿನ ಮೆತ್ತನೆ ಭಾಗದ) ತೆಳು ಪದರದ ಜೀವಕೋಶ ಸಾಯುತ್ತೆ ನಿಜ. ಆದ್ರೆ ಅದರ ಕೆಳಗಿರೋ ಕೋಶಗಳಿಗೆ ಕ್ಯಾಲ್ಸಿಯಂ ಸಿಗುತ್ತೆ, ಹಲ್ಲಿನ ಗೋಡೆಯಲ್ಲಿ ಅಡಗಿರೋ, ಕೋಶಗಳಿಗೆ ಬೆಳೀರಿ ಅಂತ ಸಂದೇಶ ಕೊಡೋ ಪ್ರೋಟೀನುಗಳು ಹೊರಗೆ ಬರ್ತವೆ, ಆಗ ತಿರುಳಿನ ಕಾಂಡಕೋಶಗಳು (ಬೇರೆ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶಗಳು) ಅಲ್ಲಿಗೆ ಬಂದು ಹೊಸ ಡೆಂಟಿನ್, ಅಂದ್ರೆ ತಿರುಳಿನ ಸುತ್ತ ಇರೋ ಗಟ್ಟಿ ಗೋಡೆ, ಕಟ್ಟೋಕೆ ಶುರು ಮಾಡ್ತವೆ.

ಸಿಮೆಂಟಿನ ಬದಲು ಬರೀ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಡೋದು 1920ರಿಂದ್ಲೂ ಇದೆ, ಆದ್ರೆ ಕಾಲ ಕಳೆದಂಗೆ ಕರಗುತ್ತೆ, ಅದರಡಿ ಕಟ್ಟಿದ ಡೆಂಟಿನ್‌ನಲ್ಲಿ ಸುರಂಗದಂಥ ತೂತು ಉಳೀತವೆ. ಎಂಟಿಎ ಗಟ್ಟಿಯಾಗೋಕೆ 2 ಗಂಟೆ 45 ನಿಮಿಷ, ಬಯೋಡೆಂಟಿನ್‌ಗೆ ಸುಮಾರು 12 ನಿಮಿಷ. ಎಂಟಿಎಯಲ್ಲಿ ಬಿಸ್ಮತ್ ಆಕ್ಸೈಡ್ ಇರೋದ್ರಿಂದ ಹಲ್ಲು ಬೂದು ಬಣ್ಣಕ್ಕೆ ತಿರುಗಬಹುದು, ಬಯೋಡೆಂಟಿನ್‌ನಲ್ಲಿ ಆ ತೊಂದ್ರೆ ಕಮ್ಮಿ.

ಮುಖ್ಯವಾದ್ದು ಇದು. ಆರನೇ ವರ್ಷದ ಹಲ್ಲಿನ ಬೇರಿನ ತುದಿ ಮುಚ್ಚೋದು ಹೆಚ್ಚುಕಮ್ಮಿ 9-10ಕ್ಕೆ. ತಿರುಳು ಈಗ್ಲೇ ಸತ್ರೆ ಬೇರು ಮೋಟಾಗಿ, ಗೋಡೆ ತೆಳ್ಳಗೆ ಉಳಿದು ಮುಂದೆ ಮುರಿಯುತ್ತೆ. ರೂಟ್ ಕೆನಾಲಲ್ಲಿ ತಿರುಳನ್ನೇ ತೆಗೀತಾರೆ, ಅದಕ್ಕೇ ನಿಮ್ ಡಾಕ್ಟ್ರು ಅದು ಬೇಡ ಅಂದಿರೋದು, ಒಳ್ಳೇ ನಿರ್ಧಾರ.

ಲ್ಯಾಬ್_ಹುಡ್ಗಿ
ನಾನು ಈ ಕೋಶಗಳನ್ನೇ ಬೆಳೆಸಿ ಓದಿದವಳು. ಕ್ಲಿಪ್ ಹಾಕೋಕೆ ಅಂತಲೋ ಬುದ್ಧಿಹಲ್ಲು ಅಂತಲೋ ಕಿತ್ತ ಹಲ್ಲಿನ ಒಳಗಿನ ತಿರುಳು ತಗೊಂಡು 37 ಡಿಗ್ರಿಯಲ್ಲಿ ಇಡ್ತೀವಿ, ಔಷಧಿ ನೆನೆಸಿದ ದ್ರವಾನ ಬೇರೆಬೇರೆ ಪ್ರಮಾಣದಲ್ಲಿ ಹಾಕ್ತೀವಿ, ಆಮೇಲೆ ಎಂಟಿಟಿ ಅಂತ ಹಳದಿ ಬಣ್ಣ. ಕೋಶ ಬದುಕಿದ್ರೆ ಅದನ್ನ ನೇರಳೆ ಮಾಡುತ್ತೆ. ಆಗಷ್ಟೇ ಕಲಸಿದ ಎಂಟಿಎ ನೇರವಾಗಿ ತಾಗಿದ್ರೆ ಬಣ್ಣ ಪೇಲವ, ಗಟ್ಟಿಯಾದ ಮೇಲಿನದ್ದು, ತೆಳು ಮಾಡಿದ್ದು ಆದ್ರೆ ಕೋಶಗಳು ಚೆನ್ನಾಗೇ ಬೆಳೀತವೆ. ಭಯ ಪಡಬೇಕಾದ್ದು ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗು ನೇರ ತಿರುಳಿಗೆ ತಾಗಿದ್ರೆ, ಗಟ್ಟಿಯಾಗದೆ ಉಳಿದ ಹೇಮಾ, ಟೆಗ್‌ಡಿಎಂಎ ಅನ್ನೋ ರೆಸಿನ್ ರಾಸಾಯನಿಕಗಳು ಕೋಶವನ್ನ ಕಾಯೋ ಗ್ಲುಟಾಥಯೋನ್ ಅನ್ನೋ ವಸ್ತುವನ್ನ ಖಾಲಿ ಮಾಡಿ ಸಾಯಿಸ್ತವೆ. ಒಂದು ಮಾತು, ಕೋಶ ಬೆಳೆಸೋ ಲ್ಯಾಬ್ ಪ್ಲೇಟಲ್ಲಿ ರಕ್ತ ಓಡಾಡಲ್ಲ, ಹಲ್ಲಲ್ಲಿ ಓಡಾಡುತ್ತೆ, ವಿಷ ತೊಳೆದು ಹೋಗುತ್ತೆ, ಆದ್ದರಿಂದ ಲ್ಯಾಬಲ್ಲಿ ಕಂಡಿದ್ದೆಲ್ಲ ಬಾಯಲ್ಲೂ ಹಂಗೇ ಆಗಲ್ಲ.

ಮಂಡ್ಯದ_ತಾಯಿ
ಇಬ್ರಿಗೂ ತುಂಬಾ ಥ್ಯಾಂಕ್ಸ್, ನಮ್ಮನೆಯವ್ರಿಗೆ ಓದಿ ಹೇಳ್ದೆ, ಒಪ್ಪವ್ರೆ. ಸೋಮವಾರ ಹೋಗ್ತೀವಿ. ಏನು ಕೇಳ್ಬೇಕು ಅಲ್ಲಿ? ನೋವು ಅಂತಾನೆ, ಲವಂಗದೆಣ್ಣೆ ಹತ್ತೀಲಿ ಇಡ್ಲಾ?

ಹಲ್ಲು_ಡಾಕ್ಟ್ರು_ಮೈಸೂರು
ತೂತಿನೊಳಗೆ ಬೇಡ ಅಕ್ಕ, ಲವಂಗದ ಯೂಜಿನಾಲ್ ಗಾಢವಾಗಿ ತಿರುಳಿಗೆ ತಾಗಿದ್ರೆ ಕೋಶ ಸಾಯುತ್ತೆ. ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಮಗುವಿನ ತೂಕಕ್ಕೆ ತಕ್ಕ ನೋವಿನ ಸಿರಪ್ ಕೇಳಿ, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವಿದ್ರೆ ಅದನ್ನೂ ಹೇಳಿ, ಸೋಮವಾರದವರ್ಗೂ ಕಾಯ್ಬೇಡಿ. ಅಲ್ಲಿ ಕೇಳ್ಬೇಕಾದ್ದು, ಹಲ್ಲಿಗೆ ರಬ್ಬರ್ ಡ್ಯಾಮ್ (ಎಂಜಲು ತಾಗದಂಗೆ ಹಲ್ಲಿನ ಸುತ್ತ ಕಟ್ಟೋ ರಬ್ಬರ್ ಹಾಳೆ) ಹಾಕ್ತೀರಾ ಅಂತ. 1965ರಲ್ಲಿ ಕಾಕೆಹಾಶಿ ತಂಡ ಇಲಿಗಳಲ್ಲಿ ತೋರಿಸಿದ್ದು, ರೋಗಾಣುವೇ ಇಲ್ಲದ ಇಲಿಗಳ ತಿರುಳು ತೆರೆದಿಟ್ರೂ ವಾಸಿಯಾಯ್ತು, ಮಾಮೂಲಿ ಇಲಿಗಳದ್ದು ಕೊಳೆತು ಹೋಯ್ತು. ಎಂಥಾ ಸಿಮೆಂಟಾದ್ರೂ ಎಂಜಲು ಒಳಗೆ ಹೋದ್ರೆ ನಿಲ್ಲಲ್ಲ. ಕೊರೆದಾಗ ತಿರುಳಿಂದ ಬರೋ ರಕ್ತ ಕೆಲವು ನಿಮಿಷದಲ್ಲಿ ನಿಲ್ಲದಿದ್ರೆ ತಿರುಳಿನ ಊದಿದ ಭಾಗ ಸ್ವಲ್ಪ ತೆಗೆದು ಆಮೇಲೆ ಸಿಮೆಂಟ್ ಇಡ್ತಾರೆ, ಗಾಬರಿ ಬೇಡ. 6 ತಿಂಗಳಿಗೆ, ವರ್ಷಕ್ಕೆ ಎಕ್ಸ್‌ರೇ ತೆಗೆಸಿ, ಬೇರು ಉದ್ದ ಆಗ್ತಿದ್ರೆ ಒಳಗಿನ ಜೀವ ಇದೆ ಅಂತ.