ವರ್ಷದ ಕೊನೆಗೆ ಏನು ಬರೆಯೋದು? ಶುಭಾಶಯ ಪತ್ರದ ಮಾತು ಬಿಟ್ಟು ಬೇರೇನೂ ಬರ್ತಿಲ್ಲ

ಪಾಂಡವಪುರದ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಊರು ಪಾಂಡವಪುರದ ಹತ್ತಿರ. ನಮ್ಮ ಆಫೀಸಿನಲ್ಲಿ ಜನವರಿಗೆ ಒಂದು ಪುಟ್ಟ ಪತ್ರಿಕೆ ತರ್ತಾರೆ. ಈ ಸಲ ಕನ್ನಡದ ಪುಟ ನನ್ನ ತಲೆಗೆ ಕಟ್ಟಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಮುಗಿದದ್ದು, ಶುರುವಾಗೋದು. 200 ಪದ. ಬರೆಯೋಕೆ ಕೂತರೆ ಬರೋದೆಲ್ಲ ವಾಟ್ಸಾಪ್ ಸಂದೇಶದ ಥರಾನೇ ಇರುತ್ತೆ. ಇಷ್ಟು ಬರೆದಿದ್ದೇನೆ, ನೋಡಿ:

"ಕಾಲಚಕ್ರ ಉರುಳುತ್ತಿದೆ. ಹಳೆಯ ವರ್ಷಕ್ಕೆ ವಿದಾಯ ಹೇಳಿ ಹೊಸ ವರ್ಷವನ್ನು ಸ್ವಾಗತಿಸುವ ಈ ಹೊತ್ತಿನಲ್ಲಿ ಮನಸ್ಸು ಸಿಹಿ ಕಹಿ ನೆನಪುಗಳನ್ನು ಮೆಲುಕು ಹಾಕುತ್ತಿದೆ. ನಮ್ಮ ಮನೆಯಲ್ಲೂ ಈ ವರ್ಷ ಒಂದು ಅಧ್ಯಾಯ ಮುಗಿಯಿತು. ಅಪ್ಪ ಎತ್ತುಗಳನ್ನು ಮಾರಿದರು. ಆದರೇನು, ಕಬ್ಬು ಕಡಿದ ಮೇಲೂ ಕೂಳೆಯಲ್ಲಿ ಹೊಸ ಚಿಗುರು ಬರುವ ಹಾಗೆ ನಾವೂ ಹೊಸ ಭರವಸೆಯಿಂದ ಹೆಜ್ಜೆ ಇಡೋಣ."

ಓದಿದರೆ ನನಗೇ ಬೇಜಾರಾಗುತ್ತೆ. ಏನು ಮಾಡಲಿ?

ಹಳೇ ಕರಡು (ಮೈಸೂರು):

ತಾಯಿ, ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಕೂತು ನಿವೃತ್ತಿಯಾದವನು. ಡಿಸೆಂಬರ್ ಎರಡನೇ ವಾರ ಬಂತು ಅಂದರೆ ಓದುಗರ ಪುಟಕ್ಕೆ ಕಾಲಚಕ್ರಗಳು ಉರುಳಿಕೊಂಡು ಬರೋವು. ಬರೆದವರ ಹೆಸರು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹಿಂದಿನ ವರ್ಷದ ಲೇಖನವನ್ನೇ ಮತ್ತೆ ಹಾಕೋಣ ಅಂತ ತಮಾಷೆ ಮಾಡಿದ್ದೆ. ಸಂಪಾದಕರು ನಗಲಿಲ್ಲ. ಯೋಚನೆ ಮಾಡ್ತಿದ್ದರು ಅನ್ಸುತ್ತೆ.

ನಿಮ್ಮ ಪ್ಯಾರಾದಲ್ಲಿ ನಿಮ್ಮದು ಅನ್ನೋ ವಾಕ್ಯ ಒಂದೇ ಒಂದು. "ಅಪ್ಪ ಎತ್ತುಗಳನ್ನು ಮಾರಿದರು." ಅದರ ಹಿಂದೆ ಮುಂದೆ ಇರೋದನ್ನು ಯಾರು ಬೇಕಾದರೂ ಯಾವ ಊರಲ್ಲಿ ಬೇಕಾದರೂ ಬರೆಯಬಹುದು. ಆ ಒಂದು ವಾಕ್ಯ ಬಂದ ಕೂಡಲೇ ನೀವು ಹೆದರಿಕೊಂಡು "ಆದರೇನು" ಅಂದುಬಿಟ್ಟಿರಿ. ಎತ್ತು ಮಾರಿದ ಮನೆಯಲ್ಲಿ "ಆದರೇನು" ಅಂತ ಯಾರಾದರೂ ಅಂದರಾ?

ಇನ್ನೊಂದು ವಿಷಯ. ನಿಮಗೆ ತೊಂದರೆ ಕೊಡ್ತಾ ಇರೋದು ತಾರೀಖು. ಎತ್ತು ಮಾರಿದ್ದು ಡಿಸೆಂಬರ್ 31ಕ್ಕಲ್ಲ ಅಲ್ವಾ? ಅದನ್ನು ಎಳೆದು ತಂದು ಈ ತಾರೀಖಿಗೆ ಕಟ್ಟೋಕೆ ಹೋಗ್ತಿದ್ದೀರಿ. ನಮ್ಮ ಕಡೆ ಯಾವುದೂ ಆ ರಾತ್ರಿ ಮುಗಿಯೋದಿಲ್ಲ. ನನ್ನ ಮನೆಯನ್ನೇ ತಗೊಳ್ಳಿ. ಗೋಡೆಯ ಮೇಲಿನ ಕ್ಯಾಲೆಂಡರ್ ಜನವರಿಗೆ ಬದಲಾಗುತ್ತೆ. ದೇವರ ಕೋಣೆಯ ಒಂಟಿಕೊಪ್ಪಲ್ ಪಂಚಾಂಗ ಯುಗಾದಿಗೆ ಬದಲಾಗುತ್ತೆ. ಬ್ಯಾಂಕಿನ ಲೆಕ್ಕ ಮಾರ್ಚ್ 31ಕ್ಕೆ. ನೀವು ಅಕೌಂಟ್ಸ್‌ನವರು, ನಿಮಗೆ ಹೇಳಬೇಕಾ?

ಅದೂ ಅಲ್ಲದೆ ಜನವರಿ 1 ಬರೋದು ಧನುರ್ಮಾಸದ ನಡುವೆ. ಡಿಸೆಂಬರ್ 16ರ ಸುಮಾರಿಗೆ ಶುರುವಾಗಿ ಸಂಕ್ರಾಂತಿವರೆಗೆ. ನಮ್ಮ ಅಜ್ಜಿ ಇದನ್ನು ಶೂನ್ಯಮಾಸ ಅಂತಿದ್ದರು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಅಂಗಡಿ ಪೂಜೆಯೂ ಇಲ್ಲ. ಬೆಳಗಿನ ಜಾವ ದೇವಸ್ಥಾನದಲ್ಲಿ ಹುಗ್ಗಿ ಇಸ್ಕೊಂಡು ಬರೋದು, ಅಷ್ಟೇ. ಏನನ್ನೂ ಶುರು ಮಾಡಬಾರದು ಅನ್ನೋ ತಿಂಗಳಲ್ಲಿ ನಾವೆಲ್ಲ ಹೊಸ ಆರಂಭದ ಲೇಖನ ಬರೀತಾ ಕೂತಿರ್ತೀವಿ. ಬೆಳಗಾದರೆ ಅದೇ ನಾವು ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದ ಮುಂದೆ ಲಾಡುವಿಗೆ ಕ್ಯೂ ನಿಂತಿರ್ತೀವಿ. ಅಲ್ಲಿ ಜನವರಿ 1ಕ್ಕೆ ಲಕ್ಷಗಟ್ಟಲೆ ಲಾಡು ಹಂಚ್ತಾರೆ. ಮೈಸೂರಿನವರಿಗೆ ಎರಡೂ ಬೇಕು. ನನಗೂ ಬೇಕು. ಲಾಡು ಚೆನ್ನಾಗಿರುತ್ತೆ.

ಹಾಗಾದರೆ ಎತ್ತು ಹೋದದ್ದು ನಿಮ್ಮ ಮನೆಗೆ ನಿಜವಾಗಿ ತಟ್ಟೋದು ಯಾವತ್ತು? ಸಂಕ್ರಾಂತಿ ಸಾಯಂಕಾಲ. ಬೆಳಿಗ್ಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬಲೂನು ಕಟ್ಟಿ, ಕತ್ತಲಾಗೋ ಹೊತ್ತಿಗೆ ಹುಲ್ಲು ಹಾಸಿ ಬೆಂಕಿ ಹಚ್ಚಿ ಎತ್ತುಗಳನ್ನು ಕಿಚ್ಚು ಹಾಯಿಸ್ತಾರಲ್ಲ, ಆಗ. ಇಲ್ಲಿ ಸಿದ್ದಲಿಂಗಪುರದಲ್ಲಿ ನೋಡೋಕೆ ಮೈಸೂರಿನಿಂದ ಜನ ಹೋಗ್ತಾರೆ. ನಿಮ್ಮೂರಲ್ಲೂ ಇದ್ದೇ ಇರುತ್ತೆ. ಊರಿನವರೆಲ್ಲ ಹಗ್ಗ ಹಿಡಿದು ಬೀದಿಗೆ ಬಂದಾಗ ನಿಮ್ಮಪ್ಪ ಎಲ್ಲಿ ನಿಲ್ತಾರೆ? ನಿಮ್ಮ ಲೇಖನ ಅಲ್ಲಿದೆ.

ಬರೆಯೋ ಮುಂಚೆ ಇಷ್ಟಕ್ಕೆ ಉತ್ತರ ಹುಡುಕಿ. ಎತ್ತಿನ ಹೆಸರೇನು? ಎಲ್ಲಿ ತಂದದ್ದು? ಯಾಕೆ ಮಾರಿದರು? ಕೊಟ್ಟಿಗೆಯಲ್ಲಿ ಈಗ ಏನು ಇಟ್ಟಿದ್ದಾರೆ? ಮುಖ್ಯವಾಗಿ ಈ ಕೊನೇದು.

ನಾಲೆ ಬಯಲು (ಮದ್ದೂರು):

ಕರಡು ಸರ್ ಹೇಳಿದ್ದು ಸರಿ. ನಾನು ಕೂಳೆ ವಿಷಯ ಹೇಳೋಕೆ ಬಂದೆ. ತಂಗಿ, ಕೂಳೆಯನ್ನು ಹೊಸ ಆರಂಭ ಅಂತ ಬರೆಯಬೇಡಿ, ಮಂಡ್ಯದ ಕಡೆಯವರು ಅದನ್ನು ಓದಿದರೆ ನಗ್ತಾರೆ. ಕಬ್ಬು ಕಡಿದ ಮೇಲೆ ತರಗು ಸರಿಸಿ, ಕೂಳೆಯನ್ನು ನೆಲಮಟ್ಟಕ್ಕೆ ಸವರಿ, ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಚಿಗುರು ಬರುತ್ತೆ, ನಿಜ. ಆದರೆ ಅದು ಹಳೇ ಬೇರು. ನಾವು ಕೂಳೆ ಬಿಡೋದು ಭರವಸೆಗಲ್ಲ, ಖರ್ಚು ಉಳಿಸೋಕೆ. ಬಿತ್ತನೆ ಕಬ್ಬು ತರಬೇಕಾಗಿಲ್ಲ, ಉಳುಮೆ ಇಲ್ಲ, ನಾಟಿ ಕೂಲಿ ಇಲ್ಲ. ಎರಡು ಮೂರು ಕೂಳೆ ಆಗುತ್ತಿದ್ದ ಹಾಗೆ ಇಳುವರಿ ಬೀಳುತ್ತೆ, ಕಿತ್ತು ಹಾಕಿ ಭತ್ತಕ್ಕೋ ರಾಗಿಗೋ ಹೋಗಬೇಕು. ಹಳೇದನ್ನೇ ಇನ್ನೊಂದು ವರ್ಷ ತಳ್ಳೋಣ ಅನ್ನೋದಕ್ಕೆ ಕೂಳೆ ಹೋಲಿಕೆ ಕೊಟ್ಟರೆ ಒಪ್ಪುತ್ತೆ. ನಿಮ್ಮ ಕಂಪನಿಯವರಿಗೆ ಅದು ಇಷ್ಟ ಆಗುತ್ತಾ ಕೇಳಿ.

ಎತ್ತು ಯಾಕೆ ಹೋಗ್ತಿವೆ ಅಂತಲೂ ಒಂದು ಸಾಲು ಬರೆಯಿರಿ. ಸುಮ್ನೆ ಟ್ರ್ಯಾಕ್ಟರ್ ಬಂತು ಅಂದರೆ ಅರ್ಧ ಮಾತು. ಭತ್ತದ ಕಟಾವು ಯಂತ್ರ ಬಂದದ್ದು ದೊಡ್ಡ ಹೊಡೆತ. ಕೈಯಲ್ಲಿ ಕುಯ್ದು ಬಡಿದರೆ ಹುಲ್ಲು ಉದ್ದಕ್ಕೆ ಸಿಗ್ತಿತ್ತು, ಮೆದೆ ಹಾಕ್ತಿದ್ದೆವು. ಯಂತ್ರ ಅದನ್ನು ಪುಡಿ ಮಾಡಿ ಗದ್ದೆ ತುಂಬ ಚೆಲ್ಲುತ್ತೆ. ಸುತ್ತಿ ಕಟ್ಟಿಸೋಕೆ ಇನ್ನೊಂದು ಯಂತ್ರಕ್ಕೆ ದುಡ್ಡು ಕೊಡಬೇಕು. ಉಳುಮೆ ಕೆಲಸವೂ ಹೋಯ್ತು, ಮನೇದು ಅಂತ ಹುಲ್ಲೂ ಇಲ್ಲ. ವರ್ಷವಿಡೀ ಬೂಸಾ ಹಿಂಡಿ ತಂದು ಸುಮ್ನೆ ನಿಲ್ಲಿಸ್ಕೊಂಡು ಸಾಕೋದು ಹೇಗೆ?

ಇನ್ನು ನಮ್ಮ ವರ್ಷದ ಕೊನೆ ಯಾವಾಗ ಅಂದರೆ, ಕನ್ನಂಬಾಡಿ ಕಟ್ಟೆಯನ್ನೇ, ಅಂದರೆ ಕೆಆರ್‌ಎಸ್ ಅಣೆಕಟ್ಟನ್ನೇ ಕೇಳಬೇಕು. 124.80 ಅಡಿ ತುಂಬಿದ್ದ ನೀರು ಈಗ ಎಷ್ಟಕ್ಕೆ ಬಂದಿದೆ, ಬೇಸಿಗೆ ಬೆಳೆಗೆ ವಿಶ್ವೇಶ್ವರಯ್ಯ ನಾಲೆಗೆ ಬಿಡ್ತಾರಾ, ಬಿಟ್ಟರೆ ಎಷ್ಟು ಕಟ್ಟು (ಸರದಿ) ನೀರು. ಡಿಸೆಂಬರ್ ಕೊನೆಗೆ ಟೀ ಅಂಗಡಿಯಲ್ಲಿ ಇದೇ ಮಾತು. ನೀರು ಬಿಡ್ತೀವಿ ಅಂದ ದಿನ ನಮಗೆ ಹೊಸ ವರ್ಷ.

ಚಾಕ್‌ಪೀಸ್ (ಶ್ರೀರಂಗಪಟ್ಟಣ):

ಮೇಷ್ಟ್ರಿಗೆ ಹೊಸ ವರ್ಷ ಜೂನ್‌ನಲ್ಲಿ ಕಣ್ರೀ. ಹೊಸ ಹಾಜರಿ ಪುಸ್ತಕ, ಹೊಸ ಮಕ್ಕಳು. ಡಿಸೆಂಬರ್ ಅಂದರೆ ಸಿಲಬಸ್ ಮುಗಿದಿಲ್ಲ ಅನ್ನೋ ಭಯ, ಪ್ರವಾಸದ ಬಸ್ಸಿನ ಬಾಡಿಗೆ ತಲೆನೋವು.

ಅಂದ ಹಾಗೆ ಇಂಗ್ಲೆಂಡಿನವರಿಗೇ ಒಂದು ಕಾಲಕ್ಕೆ ಲೆಕ್ಕದ ಹೊಸ ವರ್ಷ ಬರ್ತಿದ್ದದ್ದು ಮಾರ್ಚ್ 25ಕ್ಕೆ. 1752ರಿಂದ ಜನವರಿ 1 ಅಂತ ಬದಲಾಯಿಸಿಕೊಂಡರು. ಮಕ್ಕಳಿಗೆ ಇದನ್ನು ಹೇಳಿದರೆ, "ಹಾಗಾದರೆ ಅವರೂ ಯುಗಾದಿ ಮಾಡ್ತಿದ್ರಾ ಸಾರ್" ಅಂತ ಕೇಳ್ತಾರೆ.

ರಿಂಗ್ ರೋಡ್ ರೈಡರ್:

ಎಲ್ಲರೂ ಇಷ್ಟು ಸೀರಿಯಸ್ಸಾಗಿ ಹೇಳೋದು ಬೇಡ. ನನಗೆ ಡಿಸೆಂಬರ್ 31 ಇಷ್ಟ. ಅರಮನೆಯ ಫಲಪುಷ್ಪ ಪ್ರದರ್ಶನಕ್ಕೆ ಮನೆಯವರನ್ನೆಲ್ಲ ಕರ್ಕೊಂಡು ಹೋಗೋದು, ವಾಪಸ್ ಬರುವಾಗ ಬೇಕರಿ ಮುಂದೆ ನೂಕುನುಗ್ಗಲಲ್ಲಿ ಕೇಕ್ ತರೋದು. ಶೂನ್ಯಮಾಸವೋ ಇನ್ನೊಂದೋ, ವರ್ಷಕ್ಕೊಂದು ಸಲ ಎಲ್ಲರೂ ಒಟ್ಟಿಗೆ "ಆಯ್ತು, ಮುಂದಕ್ಕೆ ಹೋಗೋಣ" ಅಂದರೆ ತಪ್ಪೇನು? ಆಫೀಸ್ ಪತ್ರಿಕೆ ತಾನೆ. ಎರಡು ಒಳ್ಳೆ ಮಾತು ಬರೆದು ಕೊಟ್ಟುಬಿಡಿ ಸಿಸ್ಟರ್.

ಪಾಂಡವಪುರದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕರಡು ಸರ್ ಕೇಳಿದ್ದನ್ನೆಲ್ಲ ಕೇಳಿದೆ.

ಎತ್ತುಗಳ ಹೆಸರು ರಾಮ, ಭೀಮ. ಹಳ್ಳಿಕಾರ್ ಜೋಡಿ. ಬೇಬಿ ಬೆಟ್ಟದ ಜಾತ್ರೆಯಲ್ಲಿ ತಂದದ್ದು. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡಿದ್ದು ನನಗೂ ನೆನಪಿದೆ, ಅಪ್ಪ ಎಷ್ಟು ಕೊಟ್ಟರು ಅಂತ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲವಂತೆ. ಮಾರಿದ್ದು ಕಾರ್ತಿಕದಲ್ಲಿ. ಕಾರಣ ಮದ್ದೂರಿನ ಅಣ್ಣ ಹೇಳಿದ್ದೇ, ಹುಲ್ಲು. ಕೊಟ್ಟಿಗೆಯಲ್ಲಿ ಈಗ ಪವರ್ ಟಿಲ್ಲರ್ ಇದೆ, ಅದರ ಪಕ್ಕ ತಮ್ಮನ ಬೈಕು. ಎತ್ತು ಮೇವು ತಿನ್ನುತ್ತಿದ್ದ ಗೊಂತಿಗೆಯಲ್ಲಿ ಈರುಳ್ಳಿ ಹರಡಿದ್ದಾರಂತೆ. ಅಪ್ಪ ಈಗಲೂ ಐದಕ್ಕೇ ಏಳ್ತಾರೆ, ಎದ್ದು ಟಿವಿ ಹಾಕ್ತಾರೆ. ಅಮ್ಮನಿಗೆ ಅದೇ ಒಂದು ಕಿರಿಕಿರಿ.

ಇನ್ನೊಂದು ವಿಷಯ. ಈ ಸಲ ಸಂಕ್ರಾಂತಿಗೆ ಮೈಸೂರಿಗೆ ಬರ್ತೀನಿ ಅಂತ ಅಪ್ಪ ಹೋದ ವಾರವೇ ಹೇಳಿದ್ದರು. ನನ್ನ ರೂಮ್ ನೋಡೋಕೆ ಇರಬೇಕು ಅಂದುಕೊಂಡು ಖುಷಿಯಲ್ಲಿದ್ದೆ. ಅವರು ಹಬ್ಬದ ದಿನ ಊರು ಬಿಟ್ಟವರೇ ಅಲ್ಲ. ಸರ್ ಬರೆದದ್ದು ಓದಿದ ಮೇಲೆ ಅಮ್ಮನನ್ನು ಕೇಳಿದೆ. "ಮತ್ತಿನ್ನೇನು, ಬೀದೀಲಿ ಬರಿಗೈಲಿ ನಿಂತ್ಕೋಬೇಕಾ" ಅಂದರು.

ಇದನ್ನೇ ಬರೀತೀನಿ. ಆದರೆ ನಮ್ಮ ಎಚ್‌ಆರ್ ಮೇಡಂ ಕೊನೆಯಲ್ಲಿ ಪಾಸಿಟಿವ್ ಆಗಿ ಏನಾದರೂ ಇರಲೇಬೇಕು ಅಂತಿದ್ದಾರೆ. ಅದಕ್ಕೇನು ಮಾಡಲಿ ಸರ್?

ಹಳೇ ಕರಡು (ಮೈಸೂರು):

ನಿಮ್ಮಮ್ಮ ಹೇಳಿದ ಮಾತನ್ನು ಒಂದಕ್ಷರ ತಿದ್ದದೆ ಹಾಗೇ ಹಾಕಿ. "ನಿಂತುಕೊಳ್ಳಬೇಕೇ" ಅಂತ ಮಾಡೋಕೆ ಹೋಗಬೇಡಿ, ನನ್ನಂಥವರು ಆ ಕೆಲಸ ಬೇಕಾದಷ್ಟು ಮಾಡಿದ್ದೀವಿ.

ಎಚ್‌ಆರ್ ಮೇಡಂಗೆ ಶುರುವಾಗೋದು ಬೇಕು ತಾನೆ? ನಿಮ್ಮ ಮನೆಯಲ್ಲಿ ಶುರುವಾಗಿದೆಯಲ್ಲ, ಟಿಲ್ಲರ್. ಸಾಲದ್ದಾ, ರೊಕ್ಕದ್ದಾ? ಸಾಲದ್ದಾದರೆ ಕಂತು ಎಷ್ಟು, ಓಡಿಸೋದು ಅಪ್ಪನಾ ತಮ್ಮನಾ? ಅಕ್ಕಪಕ್ಕದ ಗದ್ದೆಗೆ ಬಾಡಿಗೆಗೆ ಹೋಗುತ್ತಾ? ಅದನ್ನು ಎರಡು ಸಾಲಿನಲ್ಲಿ ಬರೆಯಿರಿ. ಒಳ್ಳೇದಾಯ್ತು ಅಂತಲೂ ಬೇಡ, ಕೆಟ್ಟದಾಯ್ತು ಅಂತಲೂ ಬೇಡ. ಅದರ ಮೇಲೂ ಶುಭಾಶಯ ಬೇಕು ಅಂದರೆ ಪುಟದ ಕೆಳಗೆ ಗೆರೆ ಹೊಡೆದು ಬಾಕ್ಸ್ ಮಾಡಿ ಹಾಕ್ಕೊಳ್ಳಿ ಅನ್ನಿ. ಡೆಸ್ಕಿನಲ್ಲಿ ನಾವೂ ಹಾಗೇ ಮಾಡ್ತಿದ್ದೆವು. ರಿಂಗ್ ರೋಡ್ ಸಾಹೇಬರ ಮಾತು ಆ ಬಾಕ್ಸಿಗೆ ಚೆನ್ನಾಗಿ ಹೊಂದುತ್ತೆ, ಬೇಜಾರು ಮಾಡ್ಕೋಬೇಡಪ್ಪ.

200 ಪದ ಸಾಲದು ಅನ್ಸುತ್ತೆ. ಸಾಲುತ್ತೆ. ಮೊದಲಿನ ಎರಡು ವಾಕ್ಯ ತೆಗೆದರೇನೇ ಅಷ್ಟು ಜಾಗ ಸಿಗುತ್ತೆ. ಹಳ್ಳಿಕಾರ್ ತಳಿಯ ಇತಿಹಾಸ ಬೇಡ, ಜಾತ್ರೆ ವರ್ಣನೆ ಬೇಡ. ಟವೆಲ್ ಒಂದು ಇರಲಿ. ಈರುಳ್ಳಿಯಂತೂ ಇರಲೇಬೇಕು.

ಮತ್ತೆ, ಅಚ್ಚಿಗೆ ಕೊಡೋ ಮುಂಚೆ ಅಪ್ಪನಿಗೆ ಒಂದು ಸಲ ಓದಿ ಹೇಳಿ. ಮಾರಿದ ಬೆಲೆ ಬರೀಬೇಡ ಅಂದರೆ ಬರೀಬೇಡಿ. ಟಿವಿ ವಿಷಯ ತೆಗಿ ಅಂದರೆ ಮಾತ್ರ ಸ್ವಲ್ಪ ಚೌಕಾಶಿ ಮಾಡಿ ನೋಡಿ.