ಹಿಡಿದ ಕ್ರೂಸ್ ಕಂಟ್ರೋಲ್ ತಾನಾಗಿಯೇ ಬಿಡುತ್ತಿದೆ: ಅನುಭವ ಇದ್ದವರು ತಿಳಿಸಿರಿ

ಕೇಳಿದವರು, ಧಾರವಾಡ

ನಮ್ಮದು ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು. ಹುಬ್ಬಳ್ಳಿ ದಾಟಿ ಹಾವೇರಿ ಕಡೆಗೆ ಹೋಗುವಾಗ 80ರ ವೇಗಕ್ಕೆ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಇಟ್ಟರೆ ಒಮ್ಮೆ ಹಿಡಿಯುತ್ತದೆ, ಇನ್ನೊಮ್ಮೆ ಹಿಡಿಯುವುದೇ ಇಲ್ಲ. ಹಿಡಿದರೂ ಸೇತುವೆಯ ಜೋಡಣೆಯ ಮೇಲೆ ಗಾಲಿ ದಡಕ್ಕೆಂದರೆ ತಾನಾಗಿಯೇ ಬಿಟ್ಟುಬಿಡುತ್ತದೆ. ಗ್ಯಾರೇಜಿನವರು ಸ್ಟಿಯರಿಂಗ್ ಮೇಲಿನ ಬಟನ್ ಸೆಟ್ಟನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಬ್ರೇಕ್ ಲೈಟು, ಹಾರ್ನು, ಆಡಿಯೊ ಬಟನ್ನುಗಳೆಲ್ಲ ಸರಿಯಾಗಿವೆ. ಏನು ಮಾಡಬೇಕು?

ಹುಬ್ಬಳ್ಳಿಯಿಂದ

ಬಟನ್ ಸೆಟ್ಟಿಗೆ ಹಣ ಕೊಡುವ ಮೊದಲು ಸ್ವಲ್ಪ ತಡೆಯಿರಿ ಸರ್, ಏಕೆಂದರೆ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಬಟನ್ ಕೆಟ್ಟಿದ್ದರೆ ಕ್ರೂಸ್ ಹಿಡಿಯದೇ ಇರಬಹುದು. ಹಿಡಿದ ಮೇಲೆ ರಸ್ತೆಯ ಕುಲುಕಿಗೆ ಬಿಡುವುದು ಸಾಮಾನ್ಯವಾಗಿ ಬಟನ್ನಿನ ಲಕ್ಷಣವಲ್ಲ. ಎಂಜಿನ್ ಕಂಪ್ಯೂಟರ್ ಬ್ರೇಕ್, ಕ್ಲಚ್ ಮತ್ತು ವೇಗದ ಸಂಕೇತಗಳನ್ನು ಸದಾ ಗಮನಿಸುತ್ತಿರುತ್ತದೆ, ಅವುಗಳಲ್ಲಿ ಒಂದರ ಮೇಲೆ ಸಂಶಯ ಬಂದರೂ ಸುರಕ್ಷತೆಗಾಗಿ ಕ್ರೂಸನ್ನು ಕೈಬಿಡುತ್ತದೆ. ಹಾಗಾಗಿ ನಿಮ್ಮ ಗಾಡಿಯಲ್ಲಿ ಯಾವ ಸಂಕೇತ ಅದನ್ನು ಬಿಡಿಸುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿಸಿರಿ.

ನನ್ನ ಅನುಮಾನ ಬ್ರೇಕ್ ಪೆಡಲಿನ ಸ್ವಿಚ್ಚಿನ ಮೇಲೆ. ಬ್ರೇಕ್ ಲೈಟು ಹತ್ತುತ್ತದೆ ಎಂದ ಮಾತ್ರಕ್ಕೆ ಆ ಸ್ವಿಚ್ಚು ಸರಿಯಾಗಿದೆ ಎಂದು ತಿಳಿಯಲಾಗದು. ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಅದರೊಳಗೆ ಎರಡು ಸರ್ಕ್ಯೂಟ್ ಇರುತ್ತವೆ: ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ಹಿಂದಿನ ದೀಪ ಹತ್ತಿಸುತ್ತದೆ, ಇನ್ನೊಂದು ಅದೇ ಹೊತ್ತಿಗೆ ಬಿಟ್ಟುಕೊಂಡು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಎರಡರ ಸುದ್ದಿ ಒಂದಕ್ಕೊಂದು ತಾಳೆಯಾಗದಿದ್ದರೆ ದೀಪ ಎಂದಿನಂತೆ ಹತ್ತುತ್ತಿದ್ದರೂ ಕ್ರೂಸ್ ನಿಲ್ಲುತ್ತದೆ. ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0571 ಅಥವಾ ಪಿ0504 ಎಂಬ ಕೋಡ್ ಕಂಡರೆ ಬೆರಳು ತೋರಿಸುವುದು ಈ ಸ್ವಿಚ್ಚಿನ ಕಡೆಗೇ. ಕೋಡ್ ಬರದಿದ್ದರೂ ಸ್ವಿಚ್ಚು ನಿರ್ದೋಷಿ ಎಂದಲ್ಲ; ಕ್ಷಣಕಾಲದ ಮಿಣುಕಾಟವನ್ನು ಕಂಪ್ಯೂಟರ್ ದಾಖಲಿಸದೇ ಹೋಗಬಹುದು. ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನ ಕೋಡ್ ಓದುತ್ತದೆಯಾದರೂ, ಬ್ರೇಕ್ ಸ್ವಿಚ್ಚಿನ ಸ್ಥಿತಿಯನ್ನು ಆ ಕ್ಷಣಕ್ಕೆ ತೋರಿಸಲು ಅನೇಕ ಕಾರುಗಳಿಗೆ ಗ್ಯಾರೇಜಿನ ಸ್ಕ್ಯಾನರೇ ಬೇಕಾಗುತ್ತದೆ. ಎಂಜಿನ್ ಚಾಲೂ ಇಟ್ಟು, ಪೆಡಲಿಗೆ ಕಾಲು ತಾಗಿಸದೆ, ಪೆಡಲಿನ ತೋಳನ್ನು ಕೈಯಿಂದ ಮೆಲ್ಲಗೆ ಅಲ್ಲಾಡಿಸಲು ಹೇಳಿರಿ. ಪರದೆಯ ಮೇಲೆ ಬ್ರೇಕಿನ ಸ್ಥಿತಿ ಆನ್, ಆಫ್ ಎಂದು ಕುಣಿದರೆ ಇನ್ನೇನನ್ನೂ ಹುಡುಕಬೇಕಿಲ್ಲ.

ಸ್ಕ್ಯಾನರಿಗಿಂತ ಮೊದಲು, ಖರ್ಚಿಲ್ಲದೆ ನೋಡಬಹುದಾದದ್ದು ಒಂದಿದೆ. ಚಾಲಕನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ಮೇಲ್ಭಾಗವನ್ನು ನೋಡಿರಿ. ಸ್ವಿಚ್ಚಿನಿಂದ ಹೊರಬಂದ ಸಣ್ಣ ಕಡ್ಡಿ ಪೆಡಲಿನ ತೋಳಿನಲ್ಲಿ ಕೂರಿಸಿದ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರಿಗೆ ತಾಗಿಕೊಂಡಿರುತ್ತದೆ. ವರ್ಷಗಳ ಬಿಸಿಲಿಗೆ ಆ ಸ್ಟಾಪರ್ ಬಿರುಸಾಗಿ ಸೀಳುತ್ತದೆ. ಕೆಳಗಿನ ಮ್ಯಾಟಿನ ಮೇಲೆ ಒಣಗಿದ ಬೆಲ್ಲದಂತಹ ಚೂರುಗಳು ಬಿದ್ದಿದ್ದರೆ ಅವು ಅದರವೇ. ಪೂರ್ತಿ ಉದುರಿಹೋದರೆ ಕಡ್ಡಿ ಸ್ಟಾಪರ್ ಇದ್ದ ರಂಧ್ರದೊಳಗೆ ತೂರಿ ಬ್ರೇಕ್ ಲೈಟು ಆರುವುದೇ ಇಲ್ಲ, ಆಗ ಯಾರಾದರೂ ಹಿಂದಿನಿಂದ ಬಂದು ಹೇಳಿಯಾರು. ಅರ್ಧ ಸೀಳಿದ ಹಂತದಲ್ಲಿ ಮಾತ್ರ ನೀವು ಹೇಳಿದಂತೆ ಕುಲುಕಿದಾಗಲಷ್ಟೇ ತೊಂದರೆ ಕಾಣಿಸುತ್ತದೆ. ಸ್ಟಾಪರಿನ ಬೆಲೆ ತೀರ ಕಡಿಮೆ. ಬಹುಶಃ ಅದಕ್ಕೇ ಅದರ ಮಾತನ್ನು ಯಾರೂ ಎತ್ತುವುದಿಲ್ಲ.

ಗದಗದಿಂದ

ಮೇಲಿನವರ ಮಾತು ಸರಿ. ಆದರೆ ಕ್ರೂಸ್ ಬಿಡುವ ಹೊತ್ತಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತುತ್ತದೆಯೇ ಎಂದು ಗಮನಿಸಿರಿ. ಹತ್ತಿದರೆ ದಾರಿ ಬೇರೆ. ಎಬಿಎಸ್‌ಗಾಗಿ ಗಾಲಿಯ ವೇಗ ಅಳೆಯುವ ಸೆನ್ಸರ್ ಗಾಲಿಯ ನಡುಭಾಗದ (ಹಬ್) ಪಕ್ಕದಲ್ಲಿರುತ್ತದೆ, ಮತ್ತು ನಮ್ಮ ಎರೆ ಭಾಗದಲ್ಲಿ ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಕರಿಮಣ್ಣು ಅಲ್ಲಿ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ. ಆ ಮಣ್ಣು ವೈರನ್ನು ಜಗ್ಗಿ ಕನೆಕ್ಟರನ್ನು ಸಡಿಲಿಸಿದ್ದನ್ನು ನಾನು ನನ್ನ ಗಾಡಿಯಲ್ಲೇ ನೋಡಿದ್ದೇನೆ. ತೊಳೆದು, ಕನೆಕ್ಟರ್ ಬಿಗಿ ಮಾಡಿಸಿದ ಮೇಲೆ ಎಬಿಎಸ್ ದೀಪವೂ ಆರಿತು, ಕ್ರೂಸೂ ಮರಳಿತು. ಶೇಂಗಾ, ಕಡಲೆ ಇಟ್ಟ ಮನೆಯ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರನ್ನೂ ಹುಡುಕಬೇಕು. ಎಂಜಿನ್ ದೀಪ ಹತ್ತಿದ್ದರೆ ಕ್ರೂಸಿನ ಚಿಂತೆ ಆಮೇಲೆ ಮಾಡಿರಿ, ಏಕೆಂದರೆ ಅನೇಕ ಕಾರುಗಳು ಎಂಜಿನ್ನಿನ ಬೇರಾವುದೋ ದೋಷಕ್ಕೂ ಕ್ರೂಸನ್ನು ತಡೆಹಿಡಿಯುತ್ತವೆ.

ಹಾವೇರಿಯಿಂದ

ಮ್ಯಾನುಯಲ್ ಗಾಡಿ ಎಂದಿರಿ, ಹಾಗಾದರೆ ಕ್ಲಚ್ ಪೆಡಲಿನ ಸ್ವಿಚ್ಚನ್ನೂ ಹೀಗೆಯೇ ನೋಡಿಸಿರಿ. ಅದರ ಕೋಡ್ ಪಿ0704. ಹಿಂಬದಿಯ ಬ್ರೇಕ್ ಲೈಟಿನ ಬಲ್ಬ್ ತೆಗೆಸಿ ಎಲ್‌ಇಡಿ ಹಾಕಿಸಿದ್ದರೆ ಮೂಲ ಬಲ್ಬನ್ನೇ ಮರಳಿ ಹಾಕಿ ಪರೀಕ್ಷಿಸಿರಿ, ಬ್ರೇಕ್ ಲೈಟಿನ ಸರ್ಕ್ಯೂಟನ್ನು ಕಾವಲು ಕಾಯುವ ಕೆಲವು ಕಾರುಗಳಿಗೆ ಎಲ್‌ಇಡಿ ಒಗ್ಗುವುದಿಲ್ಲ. ಸ್ಟಿಯರಿಂಗಿನೊಳಗೆ ಸುತ್ತಿಕೊಂಡಿರುವ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ತಿರುಗಿದರೂ ಬಟನ್ನುಗಳ ಸಂಪರ್ಕ ಉಳಿಸುವ ವೈರ್ ಪಟ್ಟಿ) ಕಡಿದಿದ್ದರೆ ಹಾರ್ನು, ಆಡಿಯೊ ಬಟನ್ನುಗಳೂ ಕೈಕೊಡುವುದು ಸಾಮಾನ್ಯ, ಏರ್‌ಬ್ಯಾಗ್ ದೀಪವೂ ಹತ್ತಬಹುದು. ನಿಮ್ಮಲ್ಲಿ ಹಾಗಿಲ್ಲ. ಹಾಗಾದರೂ ಸ್ಟಿಯರಿಂಗನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿರಿ. ಏರ್‌ಬ್ಯಾಗ್ ಇರುವುದು ಅಲ್ಲಿಯೇ.

ಕೇಳಿದವರು, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಎಬಿಎಸ್ ದೀಪ ಹತ್ತುತ್ತಿರಲಿಲ್ಲ, ಎಲ್‌ಇಡಿಯೂ ಹಾಕಿಸಿಲ್ಲ. ಟಾರ್ಚ್ ಹಿಡಿದು ನೋಡಿದಾಗ ಸ್ಟಾಪರ್ ನಡುವೆ ಸೀಳಿ ಒಂದು ಬದಿ ಉದುರಿತ್ತು. ಸ್ಕ್ಯಾನರಿನಲ್ಲೂ ಪೆಡಲ್ ಅಲ್ಲಾಡಿಸಿದಾಗ ಸ್ಥಿತಿ ಕುಣಿಯಿತು. ಹೊಸ ಸ್ಟಾಪರ್ ಹಾಕಿಸಿದ್ದೇನೆ. ಸ್ವಿಚ್ಚನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿ ಬಿಗಿ ಮಾಡೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ, ಮಾಡಿಸಲೇ?

ಹುಬ್ಬಳ್ಳಿಯಿಂದ

ಅಗತ್ಯವಿಲ್ಲದೆ ಮಾಡಿಸಬೇಡಿರಿ ಸರ್. ಸ್ವಿಚ್ಚು ಪೆಡಲನ್ನು ಒತ್ತುವಷ್ಟು ಮುಂದೆ ಬಂದರೆ ಪೆಡಲ್ ಪೂರ್ತಿ ಹಿಂದಕ್ಕೆ ಬಾರದೆ ಬ್ರೇಕ್ ಸ್ವಲ್ಪ ಹಿಡಿದೇ ಉಳಿಯಬಹುದು, ಗಾಲಿ ಬಿಸಿಯಾಗುತ್ತದೆ. ಕಾಲು ತೆಗೆದಾಗ ಕಡ್ಡಿ ಒಳಗೆ ಹೋಗಿರಬೇಕು, ಆದರೂ ಸ್ವಿಚ್ಚಿನ ಮೈ ಸ್ಟಾಪರಿಗೆ ಒತ್ತಿಕೊಂಡಿರಬಾರದು; ಸರಿಯಾದ ಅಂತರ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅದರಂತೆಯೇ ಇಡಿಸಿರಿ. ಹಳೆಯ ಕೋಡ್ ಇದ್ದರೆ ಅಳಿಸಿ, ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟು ಹತ್ತುವುದನ್ನೂ ಆರುವುದನ್ನೂ ನೋಡಿದ ಮೇಲೆಯೇ ಹೆದ್ದಾರಿಗೆ ಇಳಿಯಿರಿ. ಅಲ್ಲಿ ಕ್ರೂಸ್ ಹಿಡಿದ ಮೇಲೆ ಬ್ರೇಕನ್ನು ಒಮ್ಮೆ, ಕ್ಲಚ್ಚನ್ನು ಒಮ್ಮೆ ತಾಗಿಸಿ, ಎರಡಕ್ಕೂ ಅದು ತಕ್ಷಣ ಬಿಡುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿರಿ.